ಮದುವೆ ರುಬ್ಬಿದವಳು

ಒಲ್ಲೂರಿನ ರೈಲ್ವೆ ಗೇಟಿನಾಚೆ ಬಿನ್ಸಿಯ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಬಿನ್ಸಿ ಎಂದು ತಿರುಗಿ ಕೇಳುತ್ತಿದ್ದರು. ಒಂದೇ ಇಗರ್ಜಿಗೆ ಹೋಗುವ ಬಿನ್ಸಿಯರು ಮೂವರಿದ್ದರು. ಒಬ್ಬಳು ನರ್ಸು, ಒಬ್ಬಳು ಬೇಕರಿಯವಳು. ಮೂರನೆಯವಳನ್ನು ಗುರುತಿಸಲು ಕಷ್ಟವೇ ಇರಲಿಲ್ಲ. ಮದುವೆ ರುಬ್ಬಿದ ಬಿನ್ಸಿ ಎಂದರೆ ಮೀನು ಮಾರುವವನೂ ಸ್ಕೂಟರು ನಿಲ್ಲಿಸಿ ಗೇಟು ತೋರಿಸುತ್ತಿದ್ದ.

ಆ ಗೇಟಿನ ಮೇಲೆ ‘ಡೇವಿಸ್ ವಿಷುಯಲ್ಸ್’ ಎಂಬ ಫಲಕ. ಕೆಳಗೆ ಮನೆ, ಮಹಡಿಯ ಮೇಲೆ ಸ್ಟುಡಿಯೋ. ಗಂಡ ಡೇವಿಸ್ ಮೂರು ಕ್ಯಾಮೆರಾ, ಇಬ್ಬರು ಸಹಾಯಕರನ್ನು ಕಟ್ಟಿಕೊಂಡು ಮದುವೆಗಳಿಗೆ ಹೋಗುತ್ತಿದ್ದ. ಹಿಂದಿನ ಸಂಜೆ ಹುಡುಗಿಗೆ ಸಿಹಿ ತಿನ್ನಿಸುವಲ್ಲಿಂದ ಹಿಡಿದು ಮಂತ್ರಕೋಡಿ ಎಂಬ ಮದುವೆ ಸೀರೆ ಹೊದಿಸುವವರೆಗೆ, ಅಲ್ಲಿಂದ ಊಟದ ಪಂಕ್ತಿಯಲ್ಲಿ ಕೊನೆಯ ಎಲೆ ಎತ್ತುವವರೆಗೆ ಎಲ್ಲವನ್ನೂ ಹಿಡಿದು ತಂದು, ಮೆಮೊರಿ ಕಾರ್ಡುಗಳನ್ನು ಊಟದ ಮೇಜಿನ ಮೇಲೆ ಸುರಿದು ಸ್ನಾನಕ್ಕೆ ಹೋಗುತ್ತಿದ್ದ. ಅಲ್ಲಿಗೆ ಅವನ ಕಲೆ ಮುಗಿಯಿತು. ಹನ್ನೆರಡು ಗಂಟೆಯ ಚಿತ್ರಗಳಿಂದ ಎರಡು ಗಂಟೆಯ ಮದುವೆ ತೆಗೆಯುವ ಕೆಲಸ ಬಿನ್ಸಿಯದು. ಮದುವೆಯಾಗಿ ಬಂದ ವರ್ಷವೇ ಡೇವಿಸನಿಗೆ ಕುತ್ತಿಗೆ ನೋವು ಶುರುವಾಗಿ, ಒಂದು ವಾರದ ಮಟ್ಟಿಗೆ ಎಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದ್ದ. ಆ ವಾರಕ್ಕೆ ಹತ್ತೊಂಬತ್ತು ವರ್ಷ ವಯಸ್ಸಾಗಿತ್ತು. ಕಾರ್ಡು ನಕಲಾಗುವಷ್ಟರಲ್ಲಿ ಬಟ್ಟೆ ಒಗೆದು ಹರವಬಹುದು, ಒಂದು ಹಾಡಿನ ತುಂಡು ತಯಾರಾಗುವಷ್ಟರಲ್ಲಿ ಕೆಂಪಕ್ಕಿಯ ಗಂಜಿ ಬಸಿಯಬಹುದು ಎಂಬ ಲೆಕ್ಕ ಅವಳ ಮೈಗೆ ಹತ್ತಿತ್ತು. ಪ್ರತಿ ಮದುವೆಯ ಕೊನೆಯಲ್ಲೂ ಪರದೆಯ ಮೇಲೆ ‘ಛಾಯಾಗ್ರಹಣ, ಸಂಕಲನ: ಡೇವಿಸ್’ ಎಂದು ಅವಳೇ ಟೈಪು ಮಾಡುತ್ತಿದ್ದಳು.

ಅವಳಿಗೆ ಆ ಅಡ್ಡಹೆಸರು ಬಂದದ್ದು ಹನ್ನೊಂದು ವರ್ಷದ ಹಿಂದೆ. ಡೇವಿಸನ ತಮ್ಮ ಟೋಜೊ ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ, ಪಕ್ಕದ ಹಿತ್ತಲಲ್ಲೇ ಅವನ ಮನೆ. ಅಣ್ಣನ ಸ್ಟುಡಿಯೋಗೆ ಅವನೇ ಚಿತ್ರಗಳನ್ನು ಕೂಡಿಡುವ ಒಂದು ಸರ್ವರ್ ಕಟ್ಟಿಕೊಟ್ಟಿದ್ದ. ಒಳಗೆ ನಾಲ್ಕು ಡಿಸ್ಕುಗಳು, ಪ್ರತಿ ಚಿತ್ರವನ್ನೂ ನಾಲ್ಕು ಚೂರು ಮಾಡಿ ಒಂದೊಂದು ಚೂರನ್ನು ಒಂದೊಂದರಲ್ಲಿ ಬರೆಯುವಂತೆ ಜೋಡಿಸಿದ್ದ. ನಾಲ್ಕು ಕೈ ಸೇರಿ ಒಂದು ಕೆಲಸ ಮಾಡಿದಂತೆ ವೇಗವೋ ವೇಗ. ಬಂದವರಿಗೆಲ್ಲ ಡೇವಿಸ್ ತೋರಿಸುತ್ತಿದ್ದ. ನಾಲ್ಕರಲ್ಲಿ ಒಂದು ಸತ್ತರೆ ಉಳಿದ ಮೂರರಲ್ಲಿ ಬರೀ ಚೂರುಗಳು ಉಳಿಯುತ್ತವೆ, ಒಂದೂ ಚಿತ್ರ ಉಳಿಯುವುದಿಲ್ಲ ಎಂಬುದನ್ನು ಯಾರೂ ಯಾರಿಗೂ ಹೇಳಲಿಲ್ಲ.

ಅವತ್ತು ಅಡುಗೆಯ ಹೊತ್ತಿಗೆ ಕರೆಂಟು ಹೋಗಿತ್ತು. ಡೇವಿಸ್ ಊಟಕ್ಕೆ ನಾಲ್ಕು ಜನರನ್ನು ಕರೆದಿದ್ದ, ಮೀನು ಸಾರಿಗೆ ತೆಂಗಿನಕಾಯಿ ರುಬ್ಬಬೇಕಿತ್ತು. ಅತ್ತೆ, ಅಂದರೆ ಅಮ್ಮಚ್ಚಿ, ಹನ್ನೆರಡೂವರೆಯಾಯಿತು ಎಂದು ಮೂರು ಸಲ ಕೂಗಿದ್ದರು. ಬಿನ್ಸಿ ಮಿಕ್ಸಿಯನ್ನು ಎತ್ತಿಕೊಂಡು ಮಹಡಿಗೆ ಹೋಗಿ, ಸರ್ವರಿಗೆಂದು ಇಟ್ಟಿದ್ದ ಯುಪಿಎಸ್‌ಗೆ ಸಿಕ್ಕಿಸಿದಳು. ಎರಡು ಸುತ್ತು ತಿರುಗಿತು ಅಷ್ಟೇ. ಯುಪಿಎಸ್ ಕಿರುಚಿಕೊಂಡು ಸತ್ತಿತು. ಸರ್ವರ್ ಆರಿತು. ಮತ್ತೆ ಹೊತ್ತಿಸಿದಾಗ ಮೂರನೇ ಡಿಸ್ಕು ಗೋಡೆಗೆ ಉಗುರು ಬಡಿದಂತೆ ಟಕ್ ಟಕ್ ಎಂದಿತು, ಮತ್ತೆ ಏಳಲೇ ಇಲ್ಲ. ಅದರೊಂದಿಗೆ ಹೋದದ್ದು ಶೆರಿನ್ ಎಂಬ ಹುಡುಗಿಯ ಮದುವೆ. ಕಾರ್ಡುಗಳನ್ನು ಆಗಲೇ ಅಳಿಸಿ ಮುಂದಿನ ಮದುವೆಗೆ ಒಯ್ದಿದ್ದರು. ಶೆರಿನ್ ಅದೇ ಬೀದಿಯವಳು, ಅವಳ ಅಪ್ಪ ಊಟದ ಪಂಕ್ತಿಯ ನಡುವೆ ನಿಂತು ಹಾಡಿದ್ದರು. ಎರಡು ವರ್ಷದಲ್ಲಿ ಅವರೂ ತೀರಿಕೊಂಡರು.

ಆ ತಿಂಗಳ ಕುಟುಂಬ ಘಟಕದ ಪ್ರಾರ್ಥನೆ ಬೀದಿಯವರೆಲ್ಲ ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಎಲ್ಸಿಚೇಚಿಯ ಮನೆಯಲ್ಲಿತ್ತು. ಇಗರ್ಜಿಯ ಪ್ರತಿ ಬೀದಿಗೂ ಒಂದು ಘಟಕ. ತಿಂಗಳಿಗೊಂದು ಮನೆಯಂತೆ ಸೇರಿ ಜಪಮಾಲೆ ಹೇಳಿ, ಚಹಾ ಕುಡಿದು, ಊರಿನ ಸುದ್ದಿಯನ್ನೆಲ್ಲ ಹಂಚಿಕೊಂಡು ಏಳುವುದು ಪದ್ಧತಿ. ಅಲ್ಲಿ ಮೂವತ್ತು ಜನರ ಮುಂದೆ ಟೋಜೊ ಕೈಚೆಲ್ಲಿ ಹೇಳಿದ್ದ: “ನಾನೇನ್ ಮಾಡ್ಲಿ? ಸರ್ವರ್ ಮೇಲೆ ಮಿಕ್ಸಿ ಓಡ್ಸಿದ್ರೆ ದೇವ್ರು ಬಂದ್ರೂ ಉಳಿಸೋಕಾಗಲ್ಲ.” ಡೇವಿಸ್ ತಲೆ ತಗ್ಗಿಸಿ ಕೂತಿದ್ದ. ಅಮ್ಮಚ್ಚಿ ನಿಟ್ಟುಸಿರಿಟ್ಟು, ನಮ್ಮನೇಲಿ ಕಾಯಿ ರುಬ್ಬಲಿಲ್ಲ, ಒಂದು ಮದುವೇನೇ ರುಬ್ಬಿದ್ಲು ಎಂದರು. ಚಹಾ ಮುಗಿಯುವಷ್ಟರಲ್ಲಿ ಹೆಸರು ಅಂಟಿತ್ತು. ಶೆರಿನ್ ಅಂದಿನಿಂದ ಇಗರ್ಜಿಯಲ್ಲಿ ಬಿನ್ಸಿ ಕೂರುವ ಸಾಲಿನಲ್ಲಿ ಕೂರಲಿಲ್ಲ.

ಆ ವಾರವೇ ಮಿಕ್ಸಿ ಮನೆಯಿಂದ ಹೊರಗೆ ಹೋಯಿತು. ಯಂತ್ರವಿರುವ ಮನೆಯಲ್ಲಿ ಅದು ಬೇಡ ಎಂದು ಅಮ್ಮಚ್ಚಿ ತೀರ್ಪು ಕೊಟ್ಟು ಟೋಜೊನ ಹೆಂಡತಿಗೆ ಕೊಟ್ಟರು. ಹಿತ್ತಲಿನ ಅರೆಯುವ ಕಲ್ಲನ್ನು ತೊಳೆದು ಸಿದ್ಧಪಡಿಸಿದರು. ಬಿನ್ಸಿ ಎದುರಾಡಲಿಲ್ಲ. ಅವಳೂ ನಂಬಿದ್ದಳು. ಒಬ್ಬ ಸತ್ತ ಮನುಷ್ಯನ ಹಾಡನ್ನು ತಾನು ಕೊಂದೆ ಎಂದು ನಂಬಿ, ಹನ್ನೊಂದು ವರ್ಷ, ದಿನಕ್ಕೆ ಎರಡು ಸಲ, ಮೊಣಕಾಲೂರಿ ತೆಂಗಿನಕಾಯಿ ಅರೆದಳು. ಬಲಭುಜ ಮೇಲೆತ್ತಲು ಬಾರದಾಯಿತು. ಬಟ್ಟೆ ಹರವುವ ತಂತಿಯನ್ನು ಒಂದಡಿ ಕೆಳಗೆ ಕಟ್ಟಿಕೊಂಡಳು.

ಆದರೆ ಅರೆಯುವಾಗ ಕಣ್ಣು ಖಾಲಿ ಇರುತ್ತದಲ್ಲ. ಫೋನನ್ನು ಕಲ್ಲಿನಾಚೆ ಬಾಳೆಗಿಡಕ್ಕೆ ಒರಗಿಸಿ, ಡಿಸ್ಕು ಯಾಕೆ ಸಾಯುತ್ತದೆ ಎಂದು ಓದತೊಡಗಿದಳು. ಇನ್ನೊಮ್ಮೆ ಹಾಗೆ ಆಗಬಾರದು ಎಂಬುದಷ್ಟೇ ಮೊದಮೊದಲು ಮನಸ್ಸಿನಲ್ಲಿತ್ತು. ಮನೆಯಲ್ಲಿ ಸರ್ವರ್ ಇಟ್ಟುಕೊಂಡವರ ಒಂದು ಮಲಯಾಳಿ ಗುಂಪಿತ್ತು. ‘ಬಿ. ಡೇವಿಸ್’ ಎಂಬ ಹೆಸರಲ್ಲಿ ಸೇರಿಕೊಂಡಳು. ನಾಲ್ಕೈದು ವರ್ಷದಲ್ಲಿ ಕೊಲ್ಲಿ ದೇಶಗಳಲ್ಲಿ ಕೂತ ಎಂಜಿನಿಯರುಗಳು, ಬಿ. ಡೇವಿಸ್ ಸಾರ್ ಏನಂತಾರೆ ನೋಡೋಣ ಎಂದು ಕಾಯುವಂತಾಯಿತು. ಸಾರ್ ಆಗ ಮತ್ತಿ ಮೀನಿನ ತಲೆ ಕತ್ತರಿಸುತ್ತಿರುತ್ತಿದ್ದರು.

ಅಂದಿನಿಂದ ಬಿಡಿ ಡಿಸ್ಕುಗಳಲ್ಲೇ ದಿನ ದೂಡಿದ್ದ ಸ್ಟುಡಿಯೋಗೆ ಈ ವರ್ಷ ಈಸ್ಟರ್ ಕಳೆದು ಮದುವೆಗಳ ಕಾಲ ಬರುವ ಮೊದಲು ಹೊಸ ಸರ್ವರ್ ತರಲೇಬೇಕಾಯಿತು. ಡೇವಿಸ್ ವಾಡಿಕೆಯಂತೆ ತಮ್ಮನನ್ನು ಕರೆದ. ಬೆಳಗಿನ ತಿಂಡಿಗೆ ಅಕ್ಕಿಯ ಅಪ್ಪ, ಸ್ಟೂ ಮುಂದಿಟ್ಟುಕೊಂಡು ಟೋಜೊ ಯೋಜನೆ ಹೇಳಿದ. ಈ ಸಲ ಮೂರು ಡಿಸ್ಕಿನಷ್ಟು ಜಾಗಕ್ಕೆ ಚಿತ್ರ, ಒಂದರಷ್ಟು ಜಾಗಕ್ಕೆ ಲೆಕ್ಕ. ಒಂದು ಸತ್ತರೆ ಉಳಿದ ಮೂರು ಸೇರಿ ಲೆಕ್ಕ ಹಾಕಿ ಅದನ್ನು ಮತ್ತೆ ಹುಟ್ಟಿಸುತ್ತವೆ. ಜಾಗವೂ ಜಾಸ್ತಿ, ಭಯವೂ ಇಲ್ಲ.

ಬಿನ್ಸಿ ಅವನ ತಟ್ಟೆಗೆ ಸ್ಟೂ ಬಡಿಸುತ್ತ, ಬೇಡ, ಜೋಡಿ ಮಾಡಬೇಕು ಎಂದಳು. ಎರಡೆರಡರ ಎರಡು ಜೋಡಿ. ಒಂದು ಬರೆದದ್ದನ್ನೇ ಅದರ ಜೊತೆಗಾರನೂ ಬರೆಯಬೇಕು.

ಟೋಜೊ ಅಣ್ಣನ ಕಡೆ ನೋಡಿ ನಕ್ಕ. “ನಾಲ್ಕು ಡಿಸ್ಕ್ ತಂದು ಎರಡರಷ್ಟೇ ಜಾಗಾನಾ ಚೇಚಿ? ಇನ್ನೆರಡು ಕೂತ್ಕೊಂಡು ಏನ್ ಮಾಡುತ್ತೆ?”

“ಇನ್ನೊಂದು ಮಾಡೋ ಕೆಲಸಾನೇ ಮಾಡುತ್ತೆ. ಲೆಕ್ಕಕ್ಕೆ ಸಿಗಲ್ಲ, ಅಷ್ಟೆ.”

ಅವಳು ಕಾರಣವನ್ನೂ ಹೇಳಿದಳು. ಲೆಕ್ಕದ ಜೋಡಣೆಯಲ್ಲಿ ಒಂದು ಸತ್ತಾಗ ಉಳಿದ ಮೂರು ತಮ್ಮ ಕೆಲಸದ ಮೇಲೆ ಸತ್ತದ್ದರ ಕೆಲಸವನ್ನೂ ಹೊತ್ತುಕೊಂಡು ದಿನಗಟ್ಟಲೆ ತೇಯುತ್ತವೆ. ಹಳೆಯವಾದರೆ ಆ ಆಯಾಸದಲ್ಲೇ ಎರಡನೆಯದೂ ಬೀಳುತ್ತದೆ. ಅಮ್ಮಚ್ಚಿ ಸೊಂಟ ಮುರಿದುಕೊಂಡ ವರ್ಷ ಈ ಮನೆ ಹೇಗೆ ನಡೆಯಿತೆಂದು ಅವಳಿಗೆ ನೆನಪಿತ್ತು. ಜೋಡಿಯಲ್ಲಾದರೆ ಹೊಸದು ಬಂದು ಜೊತೆಗಾರನನ್ನು ನೋಡಿ ನಕಲು ಮಾಡಿಕೊಳ್ಳುತ್ತದೆ, ಉಳಿದವರ ಪಾಡಿಗೆ ಉಳಿದವರು. ಮೂರು ಕ್ಯಾಮೆರಾದ ಚಿತ್ರ ಒಟ್ಟಿಗೆ ಓಡಿಸುವಾಗ ಅಲ್ಲಿ ಇಲ್ಲಿ ಹುಡುಕಲು ವೇಗವೂ ಅದಕ್ಕೇ ಹೆಚ್ಚು. ಇನ್ನೊಂದು ಮಾತು: ಜೋಡಿಯ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದವಾಗಿರಬಾರದು. ಒಟ್ಟಿಗೆ ಹುಟ್ಟಿದವಕ್ಕೆ ರೋಗವೂ ಒಂದೇ.

ಡೇವಿಸ್, ಇದೆಲ್ಲ ನಿನಗ್ಯಾಕೆ ಎಂದ. ಅವಳು ಸಮಾಧಾನವಾಗಿಯೇ, ಟೋಜೊ ಜೋಡಿಸಿದರೆ ತಾನು ಆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದಳು. ಮೇ ತಿಂಗಳಿಗೆ ಹದಿನಾಲ್ಕು ಮದುವೆ ಒಪ್ಪಿಕೊಂಡಾಗಿತ್ತು. ಡೇವಿಸ್ ತಟ್ಟೆಯಲ್ಲಿದ್ದ ಅಪ್ಪವನ್ನು ಚೂರು ಚೂರಾಗಿ ಹರಿದ.

“ಸರಿ, ಮಾಡ್ಕೋ. ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ.”

“ಆಗ್ಲಿ ಡೇವಿಸೇಟ್ಟಾ. ಇಷ್ಟು ವರ್ಷ ಅಲ್ಲೇ ಇತ್ತಲ್ಲ.”

ಸರ್ವರನ್ನು ಎಬ್ಬಿಸುವ ತಂತ್ರಾಂಶ ತುಂಬಲು ಒಂದು ಪೆನ್‌ಡ್ರೈವ್ ಬೇಕಾಗಿತ್ತು. ಬೀರುವಿನ ಮೇಲೆ ಕ್ರಿಸ್‌ಮಸ್ ಕೇಕಿನ ಹಳೆಯ ಡಬ್ಬಿಯಲ್ಲಿ ಸತ್ತ ಸರ್ವರಿನ ಮೂಳೆಗಳಿದ್ದವು: ನಾಲ್ಕು ಡಿಸ್ಕು, ಅದನ್ನು ಎಬ್ಬಿಸುತ್ತಿದ್ದ ಒಂದು ಪೆನ್‌ಡ್ರೈವ್. ಗುಜರಿಗೆ ಹಾಕಿ ಎಂದು ಟೋಜೊ ಕೊಟ್ಟಿದ್ದ. ಅವಳು ಹಾಕಿರಲಿಲ್ಲ. ನೋಡದೆ ಏನನ್ನೂ ಅಳಿಸಬಾರದು ಎಂಬುದು ಸಂಕಲನದ ಮೊದಲ ಪಾಠ. ಹಾಗಾಗಿ ಅಳಿಸುವ ಮೊದಲು ತೆರೆದು ನೋಡಿದಳು.

ಒಳಗೆ ಸರ್ವರ್ ತನ್ನಷ್ಟಕ್ಕೆ ಬರೆದುಕೊಂಡಿದ್ದ ದಿನಚರಿಯಿತ್ತು. ಮೂರನೇ ಡಿಸ್ಕಿನಲ್ಲಿ ಓದಲಾಗದ ಜಾಗಗಳು: ಎಂಟು. ಎಚ್ಚರಿಕೆಯ ಇಮೇಲ್ ಕಳಿಸಲಾಗಿದೆ. ಮರುದಿನ ಇಪ್ಪತ್ತನಾಲ್ಕು, ಕಳಿಸಲಾಗಿದೆ. ಅದರ ಮರುದಿನ ನೂರ ನಾಲ್ಕು. ಹೀಗೆ ಹನ್ನೊಂದು ದಿನ, ಹನ್ನೊಂದು ಎಚ್ಚರಿಕೆ. ಮಿಕ್ಸಿ ತಿರುಗಿದ್ದು ಹನ್ನೆರಡನೇ ದಿನ. ಪ್ರತಿ ಸಾಲಿನ ಕೊನೆಗೂ ಎರಡು ವಿಳಾಸಗಳಿದ್ದವು. ಒಂದು ಟೋಜೊನದು. ಇನ್ನೊಂದು ಡೇವಿಸನದು.

ಬಿನ್ಸಿ ಎದ್ದು ಹೋಗಿ ಒಲೆಯ ಮೇಲಿದ್ದ ಅಕ್ಕಿಯನ್ನು ಬಸಿದಳು. ಮತ್ತೆ ಬಂದು ಇನ್ನೊಮ್ಮೆ ಮೊದಲಿನಿಂದ ಓದಿದಳು.

ಮಧ್ಯಾಹ್ನ ಗಂಡನಿಗೆ ಊಟ ಬಡಿಸುತ್ತ, ಹಳೇ ಸರ್ವರಿಂದ ಮೇಲ್ ಗೀಲ್ ಏನಾದರೂ ಬರುತ್ತಿತ್ತೇ ಎಂದು ಸುಮ್ಮನೆ ಕೇಳುವಂತೆ ಕೇಳಿದಳು. “ಮೇಲಾ? ನಂಗೊತ್ತಿಲ್ಲಪ್ಪ. ಅದೆಲ್ಲ ಸಾಮಾನ್ಯ, ದಿನಾ ಬರ್ತಾ ಇರುತ್ತೆ,” ಎಂದ. ಗೊತ್ತಿಲ್ಲದವನಿಗೆ ದಿನಾ ಬರುವುದು ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಸಂಜೆ ಐದಕ್ಕೆ ಟೋಜೊ ಬೇಲಿ ದಾಟಿ ಬಂದು, ಏನನ್ನೋ ಹುಡುಕುವವನಂತೆ ಅತ್ತಿತ್ತ ನೋಡಿ, ತಾನಾಗಿಯೇ ಹೇಳಿದ: “ಆ ಮೇಲ್‌ಗಳಾ? ಅದೆಲ್ಲ ಸಾಮಾನ್ಯ ಚೇಚಿ, ದಿನಾ ಬರ್ತಾ ಇರುತ್ತೆ.”

ಅದೇ ಮಾತು, ಅಕ್ಷರ ಬದಲಿಲ್ಲದೆ. ಅವಳಿಗೆ ಆಗಲೇ ಹೊಳೆದದ್ದು: ಈ ಸುಳ್ಳನ್ನೂ ಜೋಡಿಯಲ್ಲಿ ಇಟ್ಟಿದ್ದಾರೆ. ಒಬ್ಬ ಮರೆತರೆ ಇನ್ನೊಬ್ಬನ ಹತ್ತಿರ ಪೂರ್ತಿ ಪ್ರತಿ ಇದೆ. ಒಬ್ಬನನ್ನು ಬೀಳಿಸಿದರೆ ಇನ್ನೊಬ್ಬ ನಿಂತು ಅವನನ್ನು ಮತ್ತೆ ಕಟ್ಟುತ್ತಾನೆ. ಕೆಡವುವುದಾದರೆ ಇಬ್ಬರನ್ನೂ ಒಂದೇ ಸಲ ಕೆಡವಬೇಕು.

ಅವಳು ಮೂರು ವಾರ ತಡೆದಳು. ಘಟಕದ ಪ್ರಾರ್ಥನೆಯ ಸರದಿ ಮೇ ತಿಂಗಳ ಕೊನೆಯ ಭಾನುವಾರ ಅವರ ಮನೆಗೆ ಬರುವುದಿತ್ತು. ಹೊಸ ಮನೆ, ಹೊಸ ಕಾರಿಗೆ ಮಾಡಿಸುವಂತೆ ಹೊಸ ಸರ್ವರನ್ನೂ ಇಗರ್ಜಿಯ ಪಾದ್ರಿ ಅಚ್ಚನ ಕೈಯಲ್ಲಿ ಆಶೀರ್ವದಿಸಿಬಿಡೋಣ ಎಂದು ಅವಳೇ ಸೂಚಿಸಿದಳು. ಅಮ್ಮಚ್ಚಿಗೆ ಸಂತೋಷವಾಯಿತು, ಹಳೆಯದಕ್ಕೆ ಮಾಡಿಸದೆ ಇದ್ದದ್ದೇ ತಪ್ಪಾಯಿತು ಎಂದರು. ಡೇವಿಸ್ ಹೊರಗೆ ಹೋದ ಹೊತ್ತಿನಲ್ಲೆಲ್ಲ ಬಿನ್ಸಿ ಒಂದೇ ಅಭ್ಯಾಸ ಮಾಡಿದಳು: ಚಿತ್ರ ಓಡುತ್ತಿರುವಾಗ ಡಿಸ್ಕು ಎಳೆಯುವುದು, ಹಾಕುವುದು, ಮತ್ತೆ ಎಳೆಯುವುದು. ಎಲ್ಲ ಮದುವೆಗಳ ಬೇರೆ ಪ್ರತಿಯನ್ನು ಚಾಲಕುಡಿ ಊರಿನಲ್ಲಿದ್ದ ತಂಗಿಯ ಮನೆಗೆ ಕಳಿಸಿದಳು, ಜೋಡಿ ಇದ್ದರೂ ಮನೆಗೇ ಬೆಂಕಿ ಬಿದ್ದರೆ ಏನೂ ಉಳಿಯದು ಎಂದು ಗುಂಪಿನವರಿಗೆ ತಾನೇ ನೂರು ಸಲ ಹೇಳಿದ್ದಳು. ಯುಪಿಎಸ್ ದೊಡ್ಡದು ತರಿಸಿದಳು. ಒಂದು ಮಿಕ್ಸಿಯನ್ನೂ ತರಿಸಿ ಮಂಚದ ಕೆಳಗೆ ಇಟ್ಟಳು.

ಭಾನುವಾರ ನಾಲ್ಕು ಗಂಟೆಗೆ ಹಜಾರ ತುಂಬಿತು. ಘಟಕದ ಕಾರ್ಯದರ್ಶಿ ಎಲ್ಸಿಚೇಚಿ ವರದಿ ಪುಸ್ತಕ ಹಿಡಿದು ಮುಂದೆ ಕೂತರು. ಶೆರಿನ್ ಬಾಗಿಲ ಬಳಿ ಕೂತಳು. ಅವಳು ಬರಲೇಬೇಕೆಂದು ಬಿನ್ಸಿ ಎಲ್ಸಿಚೇಚಿಯಿಂದ ಹೇಳಿಸಿದ್ದಳು. ಬಿಳಿ ಬಟ್ಟೆ ಹಾಸಿದ ಟೀಪಾಯಿ ಮೇಲೆ ಸರ್ವರ್, ಟೀವಿಯಲ್ಲಿ ಹಿಂದಿನ ವಾರದ ಮದುವೆ ಓಡುತ್ತಿತ್ತು. ಜಪಮಾಲೆ ಮುಗಿಯಿತು. ಅಚ್ಚನ್ ಆಶೀರ್ವದಿಸಿದರು, ತೀರ್ಥವನ್ನು ಯಂತ್ರದ ಮೇಲಲ್ಲ, ಪಕ್ಕಕ್ಕೆ ಚಿಮುಕಿಸಿ ಎಂದು ಅವಳು ಮೊದಲೇ ಕೇಳಿಕೊಂಡಿದ್ದಳು. ಚಹಾ ತರುವ ಮೊದಲು, ಒಂದು ಸಣ್ಣ ಪರೀಕ್ಷೆ ಇದೆ ಎಂದಳು. ಒಳಗೆ ಹೋಗಿ ಮಿಕ್ಸಿ ತಂದು, ಸರ್ವರ್ ಇದ್ದ ಯುಪಿಎಸ್‌ಗೇ ಸಿಕ್ಕಿಸಿ, ಒಂದು ಹೋಳು ತೆಂಗಿನಕಾಯಿಯ ತುರಿ ಹಾಕಿ ತಿರುಗಿಸಿದಳು.

ಆ ಸದ್ದಿಗೆ ಅಮ್ಮಚ್ಚಿ ಎದ್ದು ನಿಂತುಬಿಟ್ಟರು. ಬಿನ್ಸಿ ಕೈ ತೆಗೆಯಲಿಲ್ಲ. ಕಾಯಿ ನುಣ್ಣಗಾಗುವವರೆಗೂ ತಿರುಗಿಸಿದಳು. ಟೀವಿಯಲ್ಲಿ ಮದುವಣಗಿತ್ತಿ ಕೇಕು ಕತ್ತರಿಸುತ್ತಲೇ ಇದ್ದಳು.

“ಟೋಜೊ, ಎಡಗಡೆ ಜೋಡೀಲಿ ಯಾವುದಾದ್ರೂ ಒಂದನ್ನ ಎಳಿ.”

ಅವನು ನಗುತ್ತಲೇ ಎಳೆದ. ಚಿತ್ರ ಅಲುಗಲಿಲ್ಲ. ಯಾರೋ ಚಪ್ಪಾಳೆ ಹೊಡೆದರು.

“ಡೇವಿಸೇಟ್ಟಾ, ಬಲಗಡೆಯಿಂದ ಒಂದು.”

ಟೋಜೊನ ನಗು ಹೋಯಿತು. ತನ್ನ ಲೆಕ್ಕದ ಜೋಡಣೆಯಲ್ಲಿ ಎರಡನೆಯದನ್ನು ಎಳೆದಿದ್ದರೆ ಅದು ಸಾವೇ ಎಂದು ಅವನಿಗೆ ಗೊತ್ತಿತ್ತು. ಬೇಡ ಚೇಚಿ ಎಂದ. ಡೇವಿಸ್ ಹೆಂಡತಿಯ ಮುಖ ನೋಡಿ, ಮೂವತ್ತು ಜನರನ್ನು ನೋಡಿ, ಎಳೆದ. ಮದುವಣಗಿತ್ತಿ ಕೇಕಿನ ಚೂರನ್ನು ಅತ್ತೆಯ ಬಾಯಿಗಿಟ್ಟಳು.

ಅಣ್ಣ ತಮ್ಮ ಇಬ್ಬರೂ ಬೆಚ್ಚಗಿನ ಡಿಸ್ಕುಗಳನ್ನು ಕೈಯಲ್ಲಿ ಹಿಡಿದು, ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಬಿನ್ಸಿ ಆಗ ಸೀರೆಯ ಸೊಂಟದಿಂದ ಒಂದು ಕಾಗದ ತೆಗೆದಳು. ಹಳೇ ಸರ್ವರಿನ ದಿನಚರಿ ಎಂದು ಹೇಳಿ ಓದತೊಡಗಿದಳು. ತಾರೀಖು, ಮೂರನೇ ಡಿಸ್ಕು, ಓದಲಾಗದ ಜಾಗ ಎಷ್ಟು, ಎಚ್ಚರಿಕೆ ಯಾರಿಗೆ ಹೋಯಿತು. ದನಿ ಏರಿಸಲಿಲ್ಲ. ಮೂರನೇ ತಾರೀಖಿಗೆ ಬರುವಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಅವಳು ಹನ್ನೊಂದನ್ನೂ ಓದಿದಳು.

ಅಚ್ಚನ್ ಕೆಮ್ಮಿ, “ಮಗಳೇ, ಇದು ಪ್ರಾರ್ಥನೆಯ ಜಾಗ. ಮನೆ ಮಾತು ಆಮೇಲೆ ಆಡ್ಕೋಬಹುದು,” ಎಂದರು.

“ಮಿಕ್ಸಿ ಮಾತನ್ನೂ ಪ್ರಾರ್ಥನೇಲೇ ಆಡಿದ್ದು ಅಚ್ಚಾ. ಆಗ ಎಲ್ಲರೂ ಕೇಳಿಸ್ಕೊಂಡಿದ್ರು.”

ಟೋಜೊ, ಅಂಥ ಮೇಲ್‌ಗಳು ನೂರು ಬರುತ್ತವೆ, ಯಾರು ನೋಡುತ್ತಾರೆ ಎಂದು ತೊದಲಿದ. ಅಣ್ಣನ ಕಡೆ ನೋಡಿದ. ಅಣ್ಣ ಈ ಸಲ ಅವನನ್ನು ಕಟ್ಟಿ ನಿಲ್ಲಿಸಲಿಲ್ಲ.

“ಆಗ ಹೇಳಿದ್ರೆ ಸ್ಟುಡಿಯೋನೇ ಮುಚ್ಚಬೇಕಾಗ್ತಿತ್ತು ಬಿನ್ಸಿ,” ಎಂದ ಡೇವಿಸ್, ಮೆಲ್ಲಗೆ. “ಹೆಂಗಸರ ಕೈತಪ್ಪು ಅಂದ್ರೆ ಜನ ನಾಲ್ಕು ದಿನಕ್ಕೆ ಮರೀತಾರೆ ಅನ್ಕೊಂಡೆ.”

“ಮರೆತ್ರಾ?”

ಬಾಗಿಲ ಬಳಿಯಿಂದ ಶೆರಿನ್ ಎದ್ದು ಬಂದಳು. ಬಿನ್ಸಿಯ ಕಡೆ ನೋಡಲಿಲ್ಲ. ಡೇವಿಸನ ಎದುರಿಗೆ, ಅವನ ಕೈಯಲ್ಲಿದ್ದ ಡಿಸ್ಕಿನ ಹತ್ತಿರ ನಿಂತಳು.

“ಹನ್ನೊಂದು ದಿನ ಇತ್ತಾ ನಿಮ್ಮ ಹತ್ರ? ನಮ್ಮಪ್ಪನ ಹಾಡು, ಹನ್ನೊಂದು ದಿನ?”

ಯಾರೂ ಚಹಾ ಕೇಳಲಿಲ್ಲ. ಬಿನ್ಸಿ ಎಲ್ಸಿಚೇಚಿಯ ಮುಂದೆ ಕಾಗದವಿಟ್ಟು, ಇದನ್ನು ವರದಿಯಲ್ಲಿ ಬರೆಯಬೇಕು ಎಂದಳು. ಚೇಚಿ ಅಚ್ಚನ ಮುಖ ನೋಡಿದರು, ಆಮೇಲೆ ಪೆನ್ನಿನ ಮುಚ್ಚಳ ತೆಗೆದರು. ಬರೆದು ಮುಗಿಯುವವರೆಗೂ ಇಬ್ಬರೂ ಡಿಸ್ಕು ಹಿಡಿದು ನಿಂತೇ ಇದ್ದರು, ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಎರಡೂ ಡಿಸ್ಕನ್ನು ಅವುಗಳ ಜಾಗಕ್ಕೆ ಸೇರಿಸಿದಳು. ತಪ್ಪಿಹೋದದ್ದನ್ನು ಅವು ಜೊತೆಗಾರರಿಂದ ನೋಡಿ ಬರೆದುಕೊಂಡು, ಲೋಟಗಳನ್ನು ತೊಳೆದಿಡುವಷ್ಟರಲ್ಲಿ ಸರಿಹೋದವು.

ಮರುದಿನ ಮಿಕ್ಸಿ ಅಡುಗೆಮನೆಯ ಕಟ್ಟೆ ಏರಿತ್ತು. ಅಮ್ಮಚ್ಚಿ ಸಾರು ಕಲಸಿ, ಎರಡು ತುತ್ತು ತಿಂದು, ತಟ್ಟೆ ಸರಿಸಿದರು.

“ಮಿಕ್ಸೀಲಿ ರುಬ್ಬಿದ್ದಕ್ಕೆ ರುಚಿ ಇಲ್ಲ. ಕಲ್ಲಲ್ಲಿ ಅರೆದಂಗಿಲ್ಲ.”

ಇಷ್ಟು ವರ್ಷದ ಕ್ಷಮೆ ಆ ಮುದುಕಿಯ ಬಾಯಿಂದ ಬರುವುದಿಲ್ಲ ಎಂದು ಬಿನ್ಸಿಗೆ ಗೊತ್ತಿತ್ತು. ಅವಳು ಅದನ್ನು ಕಾಯುತ್ತಲೂ ಇರಲಿಲ್ಲ. ಸರಿ ಅಮ್ಮಚ್ಚಿ, ಕಲ್ಲಲ್ಲೇ ಆಗಲಿ ಎಂದಳು. ಮರುದಿನ ಬೆಳಗ್ಗೆ ಒಂದು ತೆಂಗಿನಕಾಯಿ ತುರಿದು, ಮೆಣಸು, ಚಿಕ್ಕ ಈರುಳ್ಳಿ ಇಟ್ಟು, ತಟ್ಟೆಯನ್ನು ಹಿತ್ತಲಿನ ಕಲ್ಲಿನ ಪಕ್ಕ ಇಟ್ಟಳು. ಬೇಲಿಯಾಚೆಯಿಂದ ಟೋಜೊನನ್ನು, ಒಳಗಿಂದ ಗಂಡನನ್ನು ಕರೆದಳು. ಅರೆಯಲು ಒಬ್ಬ, ನೀರು ಚಿಮುಕಿಸಿ ಮುದ್ದೆಯನ್ನು ಒಟ್ಟುಮಾಡಲು ಒಬ್ಬ. ಸರದಿ ನೀವಿಬ್ಬರೇ ಮಾಡ್ಕೊಳ್ಳಿ, ಒಬ್ಬನಿಗೆ ಭುಜ ನೋವು ಬಂದರೆ ಇನ್ನೊಬ್ಬ ಇದ್ದಾನಲ್ಲ ಎಂದಳು. ಡೇವಿಸ್ ಕತ್ತೆತ್ತಿ ನೋಡಿದ. ಮೇಲೆ ಮಹಡಿಯಲ್ಲಿ ಹದಿನಾಲ್ಕು ಮದುವೆಗಳಿದ್ದವು, ಅವುಗಳ ಮುಂದಿನ ಕುರ್ಚಿ ಖಾಲಿಯಿತ್ತು. ಅವನು ಪಂಚೆ ಎತ್ತಿಕಟ್ಟಿ ಮೊಣಕಾಲೂರಿದ.

ಬಿನ್ಸಿ ಮೆಟ್ಟಿಲೇರಿ ಹೋಗಿ ಕೆಲಸಕ್ಕೆ ಕೂತಳು. ಅರ್ಧ ಗಂಟೆಯ ಮೇಲೆ ಕೆಳಗಿಂದ, ಆಯ್ತು ಎಂಬ ದನಿ ಕೇಳಿತು. ಇಳಿದು ಬಂದು, ಕಲ್ಲಿನ ಮೇಲಿನ ಮುದ್ದೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದಳು. ಗಂಡನ ಹಣೆಯಿಂದ ಬೆವರು ಇಳಿಯುತ್ತಿತ್ತು. ಎಡಗೈಯಿಂದ ಬಲಭುಜ ಉಜ್ಜಿಕೊಳ್ಳುತ್ತಿದ್ದ.

“ತರಿ ಇದೆ,” ಎಂದಳು. “ಇನ್ನೊಂದು ಸಲ.”